ಸಿಕಂದರನ ಜೀಪಿನ ಹಿಂದಿನ ಅಚ್ಚು

ತಿಕೋಟಾ
14 ಏಪ್ರಿಲ್ 2025

ರಾಜಬಿ ಅವರಿಗೆ,

ನಮಸ್ಕಾರ. ನಾನು ಆಮ್ರಪಾಲಿ, ತಿಕೋಟಾದ ಜೀಪಿನ ರಾಜಾರಾಮನ ಮಗಳು. ಅಪ್ಪನ ಕಣ್ಣು ಮಂಜಾದ ಮೇಲೆ ಗಾಡಿಯನ್ನು ನಾನೇ ಓಡಿಸುತ್ತೇನೆ. ದ್ರಾಕ್ಷಿ ತೋಟಗಳಿಗೆ ಹೆಣ್ಣಾಳುಗಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಮನೆ ಮುಟ್ಟಿಸುವುದು ನನ್ನ ಕೆಲಸ. ಇವತ್ತು ಜಯಂತಿ, ಕೆಲಸಕ್ಕೆ ರಜೆ. ಓಣಿಯಲ್ಲಿ ಮೆರವಣಿಗೆಯ ಸದ್ದು ನಡೆದಿರುವಾಗಲೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮೂರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿದ್ದೆ. ನೀವು ಫೋನ್ ಮುಟ್ಟುವುದಿಲ್ಲವಂತೆ. "ಏನರ ಇದ್ರ ಬರದು ಕಳಸ್ಲಿ" ಎಂದಿರಂತೆ. ಸಾಲಿ ಬಿಟ್ಟ ಮೇಲೆ ನಾನು ಯಾರಿಗೂ ಕಾಗದ ಬರೆದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಇಷ್ಟೇ. ಕಳೆದ ತಿಂಗಳು ಬಬಲೇಶ್ವರದ ಸಂತೆಯಿಂದ ಬರುವಾಗ ನನ್ನ ಜೀಪಿನ ಹಿಂದಿನ ಅಚ್ಚು ಮುರಿಯಿತು. ಗಾಲಿ ಹೊರುವ ತೊಲೆ ಸೀಳಿದೆ, ಒಳಗಿನ ದೊಡ್ಡ ಚಕ್ರದ ಹಲ್ಲೂ ಉದುರಿವೆ. ವಿಜಯಪುರದಲ್ಲಿ ಜೋಡಗುಂಬಜದ ಹತ್ತಿರ ಸೈಫುದ್ದೀನ ಎಂಬ ಹಳೆಯ ಮಿಸ್ತ್ರಿ ಇದ್ದಾರಲ್ಲ, ಅವರ ಗ್ಯಾರೇಜಿನಲ್ಲಿ ಗಾಡಿ ನಿಂತಿದೆ. ಅವರು ಹೇಳಿದ್ದು: "ಸಣ್ಣ ಚಕ್ರಕ್ಕ ಎಂಟು, ದೊಡ್ಡದಕ್ಕ ನಲವತ್ಮೂರು ಹಲ್ಲಿಂದು ಬೇಕ್ರಿ. ಮುಂದಿನ ಅಚ್ಚಿಗೆ ಅದ ಐತಿ. ಹಿಂದ ಬ್ಯಾರೆ ಲೆಕ್ಕದ್ದು ಹಾಕಿದ್ರ, ನಾಕೂ ಗಾಲಿಗೆ ಜೋರ್ ಕೊಟ್ಟಾಗ ಗಾಡಿ ತನ್ನ ಕಾಲ ತಾನ ಕಡಕೋತೈತಿ." ಅಂಥದ್ದು ಈಗ ಎಲ್ಲಿಯೂ ತಯಾರಾಗುವುದಿಲ್ಲವಂತೆ. ಈ ಸೀಮೆಯಲ್ಲಿ ನನ್ನ ಗಾಡಿಯ ಜೊತೆಯ ಗಾಡಿ ಒಂದೇ ಒಂದು, ಅದು ಕಳ್ಳಕವಟಗಿಯ ಸಿಕಂದರನದು ಎಂದರು. ಅದು ಓಡುವುದಿಲ್ಲ, ನಿಂತೇ ಇದೆ ಎಂದರು.

ಮಳೆ ಬಿದ್ದರೆ ಇಲ್ಲಿನ ಎರೆಮಣ್ಣಿನ ದಾರಿ ನಿಮಗೆ ಗೊತ್ತೇ ಇದೆ. ನಾಲ್ಕೂ ಗಾಲಿ ಎಳೆಯದಿದ್ದರೆ ತೋಟದ ವಸ್ತಿಗಳಿಗೆ ಹೋಗಲಾಗದು. ಆ ಅಚ್ಚನ್ನು ಕೊಡುವಿರಾ?

ನಿಮ್ಮ,
ಆಮ್ರಪಾಲಿ

*

ಕಳ್ಳಕವಟಗಿ
22 ಏಪ್ರಿಲ್ 2025

ಆಮ್ರಪಾಲಿ ಅವರಿಗೆ,

ಕಾಗದ ಬಂತು. ಜೀಪು ಇದೆ. ಹಿತ್ತಲಿನಲ್ಲಿ ಹುಣಸೆ ಮರದ ಕೆಳಗೆ ನಿಂತಿದೆ. ಟೈರು ಕೊಳೆಯಬಾರದೆಂದು ಹಿಂಭಾಗವನ್ನು ಕಲ್ಲಿನ ಮೇಲೆ ಏರಿಸಿದೆ. ಅಚ್ಚು ಚೆನ್ನಾಗಿಯೇ ಇರಬೇಕು. ನಮ್ಮ ಮನೆಯವರು ಗಾಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಆದರೆ ಅದು ಅವರ ಗಾಡಿ. ಅವರನ್ನು ಕೇಳದೆ ಒಂದು ಬೋಲ್ಟನ್ನೂ ಕೊಡುವ ಹಾಗಿಲ್ಲ. ಕೇಳಿ ಬರೆಯುತ್ತೇನೆ.

ಸೈಫುದ್ದೀನ ಭಾಯಿಗೆ ಸಲಾಂ ಹೇಳಿ. ಎಲ್ಲ ತಿಳಿದವರು ನಿಮ್ಮನ್ನು ಇಲ್ಲಿಗೆ ಯಾಕೆ ಕಳಿಸಿದರೋ ನನಗೆ ಅರ್ಥವಾಗಲಿಲ್ಲ.

ರಾಜಬಿ

*

ತಿಕೋಟಾ
27 ಏಪ್ರಿಲ್ 2025

ರಾಜಬಿ ಅಕ್ಕನವರಿಗೆ,

ನಿಮ್ಮ ಕಾಗದ ನೋಡಿ ಅರ್ಧ ಕೆಲಸ ಆದಷ್ಟು ಖುಷಿಯಾಯಿತು. ಇಲ್ಲ ಎನ್ನಲಿಲ್ಲವಲ್ಲ, ಅಷ್ಟೇ ಸಾಕು.

ಮನೆಯವರು ಊರಲ್ಲಿಲ್ಲವೆಂದು ಕಾಣುತ್ತದೆ. ಗೋವಾ ಕಡೆ ದುಡಿಯಲು ಹೋಗಿದ್ದಾರೆಯೇ? ನಮ್ಮ ಓಣಿಯಿಂದಲೂ ಸುಮಾರು ಮಂದಿ ಅಲ್ಲಿದ್ದಾರೆ. ನಿಮಗೆ ಫೋನ್ ಆಗದಿದ್ದರೆ ಅವರ ನಂಬರು ಬರೆದು ಕಳಿಸಿ, ನಾನೇ ಮಾತಾಡುತ್ತೇನೆ. ಗಾಡಿಯವರ ಜೊತೆ ಗಾಡಿಯವರು ಮಾತಾಡಿದರೆ ಬೇಗ ಬಗೆಹರಿಯುತ್ತದೆ.

ಈಗ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟಣಿ ಮುಗಿದು ಚಿಗುರು ತೆಗೆಯುವ ಕೆಲಸ. ಹೆಂಗಸರು ಬೆಳಕು ಹರಿಯುವ ಮುಂಚೆ ನಡೆದು ಹೋಗುತ್ತಿದ್ದಾರೆ. ಹುಚ್ಚವ್ವ ಎಂಬ ಹಿರಿಯಾಕೆ ಇದ್ದಾಳೆ, ನಿನ್ನೆ ನಮ್ಮ ಮನೆ ಮುಂದೆ ನಿಂತು, "ನಿನ್ನ ಗಾಡಿ ಯಾವಾಗ ಎದ್ದು ಬರತೈತವ್ವಾ, ನನ್ನ ಮೊಳಕಾಲು ಮಾತ ಕೇಳವಲ್ದು" ಎಂದಳು. ಬೇರೆ ಜೀಪಿನವರು ಕರೆದರೂ ಅವಳು ಹೋಗಿಲ್ಲ. ಅದಕ್ಕೇ ನನಗೆ ಆತುರ.

ನಿಮ್ಮ ಉತ್ತರ ಕಾಯುತ್ತೇನೆ.

ಆಮ್ರಪಾಲಿ

*

ಕಳ್ಳಕವಟಗಿ
6 ಮೇ 2025

ಆಮ್ರಪಾಲಿ ಅವರಿಗೆ,

ಅವರು ಗೋವಾಕ್ಕೆ ಹೋಗಿಲ್ಲ. ನಂಬರು ಇದೆ, ಹತ್ತುವುದಿಲ್ಲ.

ಅವರನ್ನು ಕೇಳುವುದು ಮುಂಜಾನೆ. ಮನೆಯ ಕೆಲಸ ಮುಗಿಸಿ ಹಿತ್ತಲಿಗೆ ಹೋಗಿ ಜೀಪಿನ ಹಿಂದಿನ ಗಾಲಿಯ ಹತ್ತಿರ ಕೂರುತ್ತೇನೆ. ಈ ಬದಿಯ ಗಾಲಿಯನ್ನು ನಾನು ತಿರುಗಿಸುತ್ತೇನೆ, ಆ ಬದಿಯದನ್ನು ಅವರು ತಿರುಗಿಸುತ್ತಾರೆ. ನಾನು ಮುಂದಕ್ಕೆ ತಿರುಗಿಸಿದರೆ ಅವರು ಹಿಂದಕ್ಕೆ. ಹಿಂದಿನಿಂದಲೂ ನಮ್ಮಿಬ್ಬರದು ಹಾಗೆಯೇ, ನಾನು ಒಂದೆಂದರೆ ಅವರು ಇನ್ನೊಂದು.

ನಿಮ್ಮ ವಿಷಯ ಹೇಳಿದೆ. ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ತಿರುಗಿಸುತ್ತಲೇ ಇದ್ದರು.

ಹುಚ್ಚವ್ವನ ಮೊಳಕಾಲಿಗೆ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಲು ಹೇಳಿ.

ರಾಜಬಿ

*

ತಿಕೋಟಾ
11 ಮೇ 2025

ಸಿಕಂದರ ಅಣ್ಣನವರಿಗೆ,

ಅಕ್ಕ ಬರೆದದ್ದರಿಂದ ನೀವು ಮನೆಯಲ್ಲೇ ಇದ್ದೀರಿ, ಗಾಡಿಯ ಮೇಲೆ ಕೆಲಸ ಮಾಡುತ್ತಿದ್ದೀರಿ ಎಂದು ತಿಳಿಯಿತು. ನಿಮಗೆ ಮೈಯಲ್ಲಿ ಹುಷಾರಿಲ್ಲವೋ, ಮಾತು ಕಡಿಮೆಯೋ ಗೊತ್ತಿಲ್ಲ. ಅದಕ್ಕೇ ನೇರವಾಗಿ ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ.

ನೀವು ಆ ಗಾಡಿಯನ್ನು ಮತ್ತೆ ಓಡಿಸುವುದಾದರೆ ನನಗೆ ಅಚ್ಚು ಬೇಡ. ಓಡುವ ಗಾಡಿಯ ಕಾಲು ಮುರಿಯುವ ಮಗಳಲ್ಲ ನಾನು. ಓಡಿಸುವುದಿಲ್ಲವಾದರೆ ನನಗೆ ಕೊಡಿ. ನಮ್ಮಪ್ಪ ಹೇಳುತ್ತಾರೆ, ಬಬಲೇಶ್ವರದ ಸಂತೆಯ ದಿನ ನಿಮ್ಮ ಗಾಡಿ ಬಂತೆಂದರೆ ಉಳಿದವರು ದಾರಿ ಬಿಡುತ್ತಿದ್ದರಂತೆ. "ಡೋಣಿ ದಾಟೂದು ಸಿಕಂದರನ ಕಡೆ ಕಲೀಬೇಕು" ಎಂದು ಈಗಲೂ ಅನ್ನುತ್ತಾರೆ. ನನಗೆ ಕಲಿಸುವವರು ಯಾರೂ ಇರಲಿಲ್ಲ. ಡೋಣಿ ಹೊಳೆಯ ಹತ್ತಿರ ಬಂದರೆ ಮುಂದಿನ ಗಾಡಿ ಹೇಗೆ ಹೋಗುತ್ತದೋ ನೋಡಿ ಅದರ ಹಿಂದೆಯೇ ಬಿಡುತ್ತೇನೆ.

ಒಂದು ಸಾಲು ಬರೆದರೂ ಸಾಕು, ನಿಮ್ಮ ಕೈಯಿಂದಲೇ ಬರಲಿ.

ಆಮ್ರಪಾಲಿ

*

ಕಳ್ಳಕವಟಗಿ
20 ಮೇ 2025

ಆಮ್ರಪಾಲಿ,

ಅವರ ಹೆಸರಿಗೆ ಕಾಗದ ಬಂದು ಐದು ವರ್ಷವಾಗಿತ್ತು. ಅಂಚೆಯವನು ಕೊಡುವಾಗ ಹೆಸರು ಓದಿದ, ನನ್ನ ಮುಖ ನೋಡಲಿಲ್ಲ.

ನಾನು ಒಡೆದು ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಅವರ ಸೀಟಿನ ಮೇಲೆ ಇಟ್ಟು, ಹಾರಿಹೋಗದಂತೆ ಒಂದು ಕಲ್ಲು ಹೇರಿದೆ. ಮರುದಿನ ನೋಡಿದರೆ ಇರುವೆ ಮುತ್ತಿದ್ದವು. ನೀವು ಅಂಟಿಸಿದ ಅನ್ನದ ಗಂಜಿಗಿರಬೇಕು.

ಇನ್ನು ಅವರಿಗೆ ಬರೆಯಬೇಡಿ.

ರಾಜಬಿ

*

ತಿಕೋಟಾ
3 ಜುಲೈ 2025

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ನಿಮ್ಮ ಕಾಗದವನ್ನು ಸೈಫುದ್ದೀನ ಚಾಚಾಗೆ ಓದಿ ತೋರಿಸಿದೆ. ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ಯಪ್ಪಾ, ನಿನಗ ಗೊತ್ತಿಲ್ಲೇನು? ಸಿಕಂದರ ಡೋಣಿ ಪಾಲಾಗಿ ಐದು ವರ್ಷಾತು. ಜೀಪ ಸಿಕ್ತು, ಆಂವ ಸಿಗಲಿಲ್ಲ. ಊರಿಗೆಲ್ಲಾ ಗೊತ್ತಿದ್ದದ್ದು ನಿನಗೂ ಗೊತ್ತೈತಿ ಅಂತ ತಿಳದಿದ್ದೆ" ಎಂದರು. ನಾನು ನಿಮ್ಮ ಯಜಮಾನರ ಹೆಸರಿಗೆ ಬರೆದ ಒಂದೊಂದು ಮಾತೂ ಆಗ ನೆನಪಾಯಿತು. ಡೋಣಿಯ ಮಾತನ್ನೂ ಅದರಲ್ಲಿ ಬರೆದಿದ್ದೆನಲ್ಲ. ಹೊಳೆ ದಾಟುವ ಮಗಳು ಹೆದರಬಾರದೆಂದು ಅಪ್ಪ ಇದನ್ನು ನನ್ನಿಂದ ಮುಚ್ಚಿಟ್ಟಿದ್ದರಂತೆ.

ನಿಮ್ಮ ಅಚ್ಚಿನ ಆಸೆ ಬಿಟ್ಟುಬಿಡೋಣ ಎಂದು ಮಿರಜ, ಸೋಲಾಪುರ ಎಲ್ಲ ಸುತ್ತಿದೆ. ಗುಜರಿ ಸಾಮಾನಿನ ಮೋಡಕಾ ಅಂಗಡಿಗಳಲ್ಲಿ ಅಚ್ಚುಗಳು ಸಿಗುತ್ತವೆ, ಆದರೆ ಅಗಲ ಸರಿಯಾದರೆ ಹಲ್ಲು ಸರಿಯಿಲ್ಲ, ಹಲ್ಲು ಸರಿಯಾದರೆ ತೊಲೆ ಕೊಳೆತಿದೆ. ಕೊನೆಗೆ ಎಂಟು–ಮೂವತ್ತೊಂಬತ್ತು ಹಲ್ಲಿನದು ಒಂದನ್ನು ತಂದು ಹಾಕಿಸಿದೆ. ಒಣ ದಾರಿಯಲ್ಲಿ ಹಿಂದಿನ ಗಾಲಿಯ ಮೇಲಷ್ಟೇ ಓಡಿತು. ಮೊದಲ ಮಳೆಗೇ ವಸ್ತಿಯ ದಾರಿಯಲ್ಲಿ ಹೂತು ನಿಂತಿತು. ನಾಲ್ಕೂ ಗಾಲಿಗೆ ಹಾಕಿದರೆ ಒಳಗಿನಿಂದ ಎಲುಬು ಮುರಿದಂಥ ಸದ್ದು. ಹುಚ್ಚವ್ವ ಮತ್ತು ಉಳಿದವರು ಕೆಸರಲ್ಲಿ ಇಳಿದು ನಡೆದೇ ಹೋದರು.

ಹೋದ ಭಾನುವಾರ ನಾನು ನಿಮ್ಮೂರಿಗೆ ಬಂದಿದ್ದೆ. ಇದನ್ನು ಮುಚ್ಚಿಡಬಾರದು. ಅಚ್ಚು ಕೇಳಲು ಅಲ್ಲ, ಎದುರು ನಿಂತು ಕ್ಷಮಿಸಿ ಎನ್ನಲು ಬಂದೆ. ಕದ ಅರ್ಧ ತೆರೆದಿತ್ತು. ಒಮ್ಮೆ ತಟ್ಟಿದೆ, ಯಾರೂ ಬರಲಿಲ್ಲ. ಹೆಸರು ಹಿಡಿದು ಕೂಗಲು ಬಾಯಿ ಬರಲಿಲ್ಲ. ಬೇಲಿಯ ಪಕ್ಕದಿಂದ ಹಿತ್ತಲಿಗೆ ಬಂದೆ.

ಜೀಪಿನ ಹಿಂದಿನ ಗಾಲಿ ತಿರುಗುತ್ತಿತ್ತು. ಗಾಳಿ ಇರಲಿಲ್ಲ, ಹುಣಸೆಯ ಒಂದು ಎಲೆಯೂ ಅಲುಗಿರಲಿಲ್ಲ. ಮೆಲ್ಲಗೆ, ಯಾರೋ ಏನನ್ನೋ ಯೋಚಿಸುತ್ತಾ ತಿರುಗಿಸಿದ ಹಾಗೆ ತಿರುಗುತ್ತಿತ್ತು. ನನಗೆ ಏನನ್ನಿಸಿತೋ ತಿಳಿಯದು, ಮುಂದೆ ಹೋಗಿ ಎರಡೂ ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದೆ. ನಿಂತಿತು. ಆದರೆ ರಬ್ಬರು ನನ್ನ ಅಂಗೈಯಲ್ಲಿ ನಡುಗುತ್ತಿತ್ತು, ಬಿಡು ಬಿಡು ಎಂದು ಒಳಗಿನಿಂದ ಯಾರೋ ಎಳೆದ ಹಾಗೆ. ಬಿಟ್ಟು ಓಡಿದೆ ಅಕ್ಕ. ಬಸ್ ನಿಲ್ದಾಣದವರೆಗೆ ಹಿಂದೆ ನೋಡಲಿಲ್ಲ.

ನನಗೆ ಅಚ್ಚು ಬೇಡ. ಕ್ಷಮಿಸಿ.

ಆಮ್ರಪಾಲಿ

*

ಕಳ್ಳಕವಟಗಿ
10 ಜುಲೈ 2025

ತಂಗಿ ಆಮ್ರಪಾಲಿಗೆ,

ಮೊಹರಂ ಮುಗಿದು ಊರು ಸುಮ್ಮನಾಗಿದೆ. ನಿಧಾನವಾಗಿ ಬರೆಯುತ್ತೇನೆ.

ಆಚೆ ಬದಿಗೆ ಕೂತಿದ್ದವಳು ನಾನು. ಅವತ್ತು ಮುಂಜಾನೆ ಹೊತ್ತು ಸಿಗಲಿಲ್ಲ, ಮಧ್ಯಾಹ್ನ ಹೋಗಿ ಕೂತಿದ್ದೆ. ತಿರುಗಿಸುತ್ತಿದ್ದೆ. ಇದ್ದಕ್ಕಿದ್ದಂತೆ ಗಾಲಿ ನಿಂತಿತು. ಎಷ್ಟು ನೂಕಿದರೂ ಸರಿಯಲಿಲ್ಲ. ಕಬ್ಬಿಣ ಕಚ್ಚಿಕೊಂಡರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಇದರಲ್ಲಿ ಜೀವ ಇತ್ತು, ಸ್ವಲ್ಪ ಸಡಿಲವಾಗುತ್ತಿತ್ತು, ಮತ್ತೆ ಬಿಗಿಯಾಗುತ್ತಿತ್ತು. ಆಚೆಯಿಂದ ಒಬ್ಬ ಮನುಷ್ಯ ಹಿಡಿದದ್ದು ಎಂದು ನನ್ನ ಕೈಗೆ ಗೊತ್ತಾಯಿತು.

ಮದುವೆಯಾದಾಗಿನಿಂದ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ಅವತ್ತು ಕರೆದೆ. ಎದ್ದು ಸುತ್ತಿ ಬರುವಷ್ಟರಲ್ಲಿ ಬೇಲಿಯ ಸಂದಿಯಲ್ಲಿ ಹಸಿರು ದುಪಟ್ಟಾ ಹೊದ್ದ ಹೆಣ್ಣೊಬ್ಬಳ ಬೆನ್ನು ಕಂಡಿತು. ಅಲ್ಲೇ ನೆಲದ ಮೇಲೆ ಕೂತೆ. ನೆರೆಮನೆಯವರು ಬಂದು ಎಬ್ಬಿಸಿದರು.

ಆ ದಿನದ್ದನ್ನೂ ಹೇಳಿಬಿಡುತ್ತೇನೆ. ಅವರು ಬಬಲೇಶ್ವರದ ಸಂತೆಯ ಮಂದಿಯನ್ನು ಅವರವರ ಊರಿಗೆ ಬಿಟ್ಟು ಖಾಲಿ ಗಾಡಿಯಲ್ಲಿ ಬರುತ್ತಿದ್ದರು. ಸಂಜೆ ಅವರ ನಂಬರಿನಿಂದ ಫೋನ್ ಬಂತು. ಮಾತಿರಲಿಲ್ಲ. ನೀರಿನ ಸದ್ದು ಇತ್ತು. ಅಂಗಿಯ ಜೇಬಿನಲ್ಲಿ ತಾನಾಗಿ ಒತ್ತಿಕೊಂಡಿರಬೇಕು ಎಂದು ಆಮೇಲೆ ಜನ ಹೇಳಿದರು. ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ, ಅದು ನಿಂತುಹೋಗುವವರೆಗೆ. ಅಂದಿನಿಂದ ಫೋನ್ ಕಿವಿಗಿಟ್ಟರೆ ಯಾರೇ ಮಾತಾಡಿದರೂ ಹಿಂದೆ ಆ ಸದ್ದೇ ಕೇಳಿಸುತ್ತದೆ. ಜೀಪು ಕೆಳಗೆ ದೂರದಲ್ಲಿ ಜಾಲಿಯ ಮೆಳೆಗೆ ಸಿಕ್ಕಿಕೊಂಡಿತ್ತು. ನಮ್ಮೂರಿನ ಮಲ್ಲಿನಾಥ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಅವರನ್ನು ಹುಡುಕಿ ಹುಡುಕಿ ಬಿಟ್ಟರು. ಊರಿನವರು ನನ್ನೆದುರಿಗೇ, "ಧಿಮಾಕಿಲೆ ಹೊಳಿಗೆ ಗಾಡಿ ಬಿಟ್ಟಾನ, ನಾ ದಾಟ್ತೀನಿ ಅಂತ" ಎಂದರು. ಮೈಯೇ ಸಿಗದಿದ್ದರೆ ತೀರಿಕೊಂಡರೆಂದು ನಾನು ಯಾಕೆ ಒಪ್ಪಲಿ? ಒಪ್ಪಲಿಲ್ಲ.

ನೀನು ಬಂದು ಹೋದಮೇಲೆ ನಾನು ಗಾಲಿ ಮುಟ್ಟಿಲ್ಲ. ಮುಟ್ಟಿದರೂ ಇನ್ನು ಆಚೆ ಬದಿಗೆ ನೀನೇ ಇರುತ್ತೀ.

ಅಚ್ಚು ಒಯ್ಯಿ. ರೊಕ್ಕದ ಮಾತು ಬೇಡ. ಸೈಫುದ್ದೀನ ಭಾಯಿ ಇಪ್ಪತ್ತನೇ ತಾರೀಕು ಬರಲಿ, ಅವತ್ತು ನಾನು ಇಲ್ಲಿರುವುದಿಲ್ಲ, ನಿಡೋಣಿಗೆ ನನ್ನ ತಂಗಿಯ ಮನೆಗೆ ಹೋಗಿರುತ್ತೇನೆ. ಬಿಚ್ಚುವ ಸದ್ದು ನನಗೆ ಕೇಳಿಸಬಾರದು.

ನಿನ್ನ ಅಕ್ಕ,
ರಾಜಬಿ

*

ತಿಕೋಟಾ
28 ಜುಲೈ 2025

ಅಕ್ಕ,

ನೀವು ಹೇಳಿದ ದಿನವೇ ಬಂದು ಅಚ್ಚು ತಂದೆವು. ಹಿತ್ತಲನ್ನು ಗುಡಿಸಿ ಬಂದಿದ್ದೇನೆ. ಜೀಪಿನ ಹಿಂಭಾಗದ ಕೆಳಗೆ ಇನ್ನೂ ನಾಲ್ಕು ಕಲ್ಲು ಕೊಟ್ಟು ಕೂರಿಸಿದ್ದೇವೆ, ವಾಲುವುದಿಲ್ಲ.

ಗ್ಯಾರೇಜಿನಲ್ಲಿ ಚಾಚಾ ಅಚ್ಚಿನ ಹೊಟ್ಟೆ ತೆರೆದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊಳೆಯ ಕೆಸರು ಸುರಿಯುತ್ತದೆ ಎಂದುಕೊಂಡಿದ್ದೆ. ಸುರಿದದ್ದು ಎಣ್ಣೆ. ಬೆಲ್ಲದ ಪಾಕದ ಬಣ್ಣದ, ಒಂದು ಹನಿಯೂ ನೀರು ಬೆರೆಯದ ಎಣ್ಣೆ. ಅಚ್ಚಿಗೆ ಉಸಿರಾಡಲು ಒಂದು ಸಣ್ಣ ತೂತಿರುತ್ತದೆ, ನೀರಿಗಿಳಿದರೆ ಅಲ್ಲಿಂದಲೇ ನೀರು ಒಳಗೆ ನುಗ್ಗುವುದು. ನಿಮ್ಮ ಯಜಮಾನರು ಆ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಮೇಲಕ್ಕೆ ಏರಿಸಿ, ಹುಡ್ಡಿನ ಕಂಬಿಗೆ ತಂತಿಯಿಂದ ಬಿಗಿದಿದ್ದರು. "ಡೋಣಿ ಗಾಡೀನ್ನೆಲ್ಲಾ ತೊಳದು ಹೋಗೇತಿ, ಇದರ ಒಳಗ ಬರಾಕ ಆಗಿಲ್ಲ ನೋಡು" ಎಂದರು ಚಾಚಾ. ಹಲ್ಲುಗಳು ಹೊಸದರ ಹಾಗಿವೆ. ಗಾಲಿಯ ಬೇರಿಂಗು ಹಿಡಿದಿಲ್ಲ. ನೀವು ದಿನವೂ ತಿರುಗಿಸಿದ್ದರಿಂದ ಅವು ಉಳಿದವಂತೆ.

ಗಾಡಿ ಓಡುತ್ತಿದೆ. ನಾಲ್ಕೂ ಗಾಲಿ ಎಳೆಯುತ್ತಿವೆ.

ಇನ್ನೊಂದು ಮಾತಿದೆ. ಬರೆಯಬೇಕೋ ಬೇಡವೋ ಎಂದು ವಾರವಿಡೀ ಯೋಚಿಸಿದೆ. ನಾನು ಗಾಲಿ ನೋಡಿ ಹೆದರಿ ಬಂದಾಗಲೇ ಅದು ಯಾಕೆ ಹಾಗೆ ತಿರುಗುತ್ತದೆಂದು ಚಾಚಾ ಹೇಳಿದ್ದರು. ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ, ಎಂಜಿನ್ನಿನ ಕಡೆಯಿಂದ ಅಚ್ಚಿಗೆ ಬರುವ ನಡುವಿನ ಉದ್ದ ಸಲಾಕೆಯನ್ನು ಹಿಡಿಯುತ್ತದೆ. ಸಲಾಕೆ ನಿಂತರೆ, ಎತ್ತಿಟ್ಟ ಗಾಡಿಯಲ್ಲಿ ಒಂದು ಗಾಲಿ ಮುಂದಕ್ಕೆ ತಿರುಗಿದಾಗ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಅದನ್ನು ನಿಮಗೆ ಬರೆಯಬಾರದೆಂದು ನಿರ್ಧರಿಸಿದ್ದೆ. ಆದರೆ ಬಿಚ್ಚುವ ದಿನ ಚಾಚಾ ಸಲಾಕೆ ಕಳಚಲು ಹೋಗಿ ಹ್ಯಾಂಡ್‌ಬ್ರೇಕನ್ನು ನೋಡಿದರು. ಪೂರ್ತಿ ಮೇಲಕ್ಕೆ ಎಳೆದಿತ್ತು, ಆ ಸ್ಥಿತಿಯಲ್ಲೇ ಜಂಗು ಹಿಡಿದಿತ್ತು. ಅದನ್ನು ಕೈಯಿಂದ ಮುಟ್ಟಿ ನೋಡಿ ಹೇಳಿದರು: "ಹೊಳಿಯೊಳಗ ಗಾಡಿ ಹೊಡಿಯಾಂವ ಹ್ಯಾಂಡ್‌ಬ್ರೇಕ್ ಎಳಿಯಂಗಿಲ್ಲ. ಆಂವ ದಂಡಿಗೆ ನಿಲ್ಲಿಸ್ಯಾನ. ಇಳದು ನೀರು ನೋಡಾಕ ಹೋಗ್ಯಾನ. ಗಾಡಿ ಆಮ್ಯಾಲ ಹೋಗೇತಿ."

ಅವರು ನೀರಿಗೆ ಗಾಡಿ ಬಿಟ್ಟಿರಲಿಲ್ಲ ಅಕ್ಕ. ನಿಮಗೆ ಇದು ತಿಳಿಯಬೇಕು ಅನ್ನಿಸಿತು.

ಆಮ್ರಪಾಲಿ

*

ಕಳ್ಳಕವಟಗಿ
4 ಆಗಸ್ಟ್ 2025

ಆಮ್ರಪಾಲಿ,

ನೀನು ಕಬ್ಬಿಣ ಕೇಳಿದೆ, ಕೊಟ್ಟೆ. ಸುದ್ದಿಯನ್ನು ನಾನು ಕೇಳಿರಲಿಲ್ಲ.

ಗಾಲಿ ಯಾಕೆ ತಿರುಗುತ್ತದೆಂದು ನನಗೆ ಗೊತ್ತಿಲ್ಲ ಎಂದು ತಿಳಿದೆಯಾ? ನಾನು ಜೀಪಿನವನ ಹೆಂಡತಿ. ಮದುವೆಯಾದ ಹೊಸದರಲ್ಲಿ ಅವರೇ ಗಾಡಿಯನ್ನು ಜಾಕಿಗೆ ಏರಿಸಿ ನನ್ನನ್ನು ಒಂದು ಬದಿಗೆ ಕೂರಿಸಿ, ತಾವು ಇನ್ನೊಂದು ಬದಿಗೆ ಕೂತು ತೋರಿಸಿದ್ದರು. ಗೊತ್ತಿದ್ದೇ ತಿರುಗಿಸುತ್ತಿದ್ದೆ. ಗೊತ್ತಿರುವುದು ಬೇರೆ, ಮುಂಜಾನೆ ಎದ್ದು ಹೋಗಲು ಒಂದು ಜಾಗ ಬೇಕಾಗುವುದು ಬೇರೆ.

ಈಗ ಇಳಿದು ಹೋದರು ಎನ್ನುತ್ತೀರಿ. ಹಾಗಾದರೆ ಇಷ್ಟು ವರ್ಷ ನಾನು ಯಾರ ಜೊತೆ ಕೂತಿದ್ದೆ?

ನೀವಿಬ್ಬರೂ ಒಳ್ಳೆಯವರು. ಇನ್ನು ಬರೆಯಬೇಡ.

ರಾಜಬಿ

*

ತಿಕೋಟಾ
14 ಸೆಪ್ಟೆಂಬರ್ 2025

ಅಕ್ಕ,

ಬರೆಯಬೇಡ ಎಂದಿದ್ದಿರಿ. ಇದೊಂದನ್ನು ಬರೆದು ಸುಮ್ಮನಾಗುತ್ತೇನೆ. ಓದದಿದ್ದರೂ ನಡೆದೀತು.

ಮೊನ್ನೆ ಸಂಜೆ ತೋಟದಿಂದ ಹೆಂಗಸರನ್ನು ಕರೆದುಕೊಂಡು ಬರುತ್ತಿದ್ದೆ. ಮೇಲೆಲ್ಲೋ ದೊಡ್ಡ ಮಳೆಯಾಗಿತ್ತು, ಡೋಣಿ ದಾರಿಯ ಮೇಲೆ ಹರಿಯುತ್ತಿತ್ತು. ಹೆಚ್ಚಲ್ಲ, ಮೀನಖಂಡದವರೆಗೆ ಬರುವಂತೆ ಕಾಣುತ್ತಿತ್ತು. ಮುಂದೆ ಬೇರೆ ಗಾಡಿ ಇರಲಿಲ್ಲ. ಹಿಂದಿನಿಂದ ಹುಚ್ಚವ್ವ, "ಹಾಯಸವ್ವಾ, ಮೊಳಕಾಲ ಮಟಾನೂ ಇಲ್ಲ, ಮನ್ಯಾಗ ಎಮ್ಮಿ ಒದರಾಕತ್ತಿರತೈತಿ" ಎಂದಳು. ಹೋದ ವರ್ಷವಾಗಿದ್ದರೆ ಹಾಯಿಸಿಬಿಡುತ್ತಿದ್ದೆ. ಅವತ್ತು ನನ್ನ ಕೈ ಹ್ಯಾಂಡ್‌ಬ್ರೇಕಿಗೆ ಹೋಯಿತು.

"ಈ ಇಳಿಯೂ ಚಟಾ ಯಾವಾಗಿಂದ ಬಂತಬೇ ನಿನಗ?" ಎಂದಳು ಹುಚ್ಚವ್ವ. ಬೇಲಿಯಿಂದ ಒಂದು ಕೋಲು ಕಿತ್ತುಕೊಂಡು ನೀರಿಗೆ ಕಾಲಿಟ್ಟೆ. ನೋಡಲು ಸುಮ್ಮನಿರುವ ನೀರು ಕಾಲನ್ನು ಹಿಡಿದು ಎಳೆಯುತ್ತದೆ. ನಡುಮಧ್ಯ ಹೋದಾಗ ಕೋಲು ಊರಲಿಲ್ಲ. ಇನ್ನೂ ಒತ್ತಿದೆ, ನೆಲ ಸಿಗಲಿಲ್ಲ. ಕೆಳಗಿನ ಪೈಪುಗಳ ಸಮೇತ ದಾರಿಯೇ ಕಿತ್ತುಹೋಗಿತ್ತು. ಮೇಲೆ ನೀರು ಮಾತ್ರ ದಾರಿಯ ಹಾಗೆ ಹರಡಿತ್ತು.

ಅಲ್ಲಿ ನಿಂತು ಹಿಂದೆ ತಿರುಗಿದೆ. ಜೀಪಿನ ದೀಪ ಉರಿಯುತ್ತಿತ್ತು. ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ. ಅದು ನನ್ನದೇ ಜಾಗ ಎಂದು ಗೊತ್ತಿದ್ದರೂ, ಯಾರೋ ಇದ್ದು ಈಗಷ್ಟೇ ಎದ್ದು ಹೋದ ಹಾಗೆ ಕಂಡಿತು. ನಿಮ್ಮ ಯಜಮಾನರು ಕೊನೆಯ ಸಲ ತಿರುಗಿ ನೋಡಿದ್ದರೆ ಅವರಿಗೂ ಅದೇ ಕಂಡಿರಬೇಕು. ಕಾಲಿನ ಕೆಳಗೆ ಮಣ್ಣು ಜಾರುತ್ತಿತ್ತು. ಕೋಲು ಬಿಟ್ಟು, ನೀರಿಗೆ ಅಡ್ಡಲಾಗಿ ಒಂದೊಂದೇ ಹೆಜ್ಜೆ ಕಿತ್ತು ವಾಪಸು ಬಂದೆ. ಹುಚ್ಚವ್ವ ನನ್ನ ತೋಳು ಹಿಡಿದು ದಂಡೆಗೆ ಎಳೆದುಕೊಂಡಳು. ಆಮೇಲೆ ಗಾಡಿ ತಿರುಗಿಸಿ ಸುತ್ತು ದಾರಿಯಿಂದ ಎಲ್ಲರನ್ನೂ ಮನೆ ಮುಟ್ಟಿಸಿದೆ.

ಆ ಜೀಪಿನಲ್ಲಿ ಅವತ್ತು ಹನ್ನೊಂದು ಹೆಂಗಸರಿದ್ದರು. ಅಚ್ಚು ಎಲ್ಲಿಂದ ಬಂತೆಂದು ಅವರಿಗೆ ನಾನು ಹೇಳಿರಲಿಲ್ಲ, ಕೇಳಿದರೆ ಹತ್ತಲಿಕ್ಕಿಲ್ಲವೆಂಬ ಹೆದರಿಕೆಯಿತ್ತು. ಮರುದಿನ ಬೆಳಿಗ್ಗೆ ಹೇಳಿದೆ, ಯಜಮಾನರ ಹೆಸರು ಸಮೇತ. ಸ್ವಲ್ಪ ಹೊತ್ತು ನಿಂತರು. ಮೊದಲು ಹುಚ್ಚವ್ವ ಹತ್ತಿದಳು, ಆಮೇಲೆ ಉಳಿದವರು.

ಆಮ್ರಪಾಲಿ

*

ಕಳ್ಳಕವಟಗಿ
2 ಅಕ್ಟೋಬರ್ 2025

ತಂಗಿ,

ನಿನ್ನ ಕಾಗದವನ್ನು ಮೊದಲ ದಿನ ಒಡೆಯಲಿಲ್ಲ. ಒಡೆದಮೇಲೆ ಎರಡು ಸಲ ಓದಿದೆ. ಆಮೇಲೆ ಮಲ್ಲಿನಾಥನ ಮನೆಗೆ ಹೋದೆ. ಜೀಪನ್ನು ಎಳೆದು ತಂದವನು ಅವನೇ. "ಎಳಿಯೂವಾಗ ಹಿಂದಿನ ಗಾಲಿ ಹ್ಯಾಂಗಿದ್ವು?" ಎಂದು ಕೇಳಿದೆ. "ತಿರಗಲೇ ಇಲ್ಲ ಬೇ. ನೆಲಾ ಕೆರಕೊಂತ ಬಂದ್ವು. ಕೆಸರು ತುಂಬೇತಿ ಅಂತ ತಿಳಕೊಂಡೆ. ನನಗ ಅವತ್ತ ತಿಳೀಬೇಕಿತ್ತು" ಎಂದ. ಊರಿನವರ ಜೊತೆ ಸೇರಿ ಧಿಮಾಕು ಎಂದವರಲ್ಲಿ ಅವನೂ ಒಬ್ಬ. ಎದ್ದು ನಿಂತು, ಕೈಮುಗಿಯಲು ಬಂದ. ಬೇಡವೆಂದೆ.

ಹಾಗಾದರೆ ನಡೆದದ್ದು ಇಷ್ಟೇ. ಗಾಡಿ ನಿಲ್ಲಿಸಿದರು, ಇಳಿದರು, ಮತ್ತೆ ಹತ್ತಲಿಲ್ಲ. ಐದು ವರ್ಷ ನಾನು ಅವರನ್ನು ಜೀಪಿನಲ್ಲಿ ಹುಡುಕಿದೆ. ಅವರು ಅದರಲ್ಲಿ ಇರಲೇ ಇಲ್ಲ.

ಮಸೀದಿಯ ಮೌಲಾನಾ ಅವರನ್ನು ಕಂಡು ಕೇಳಿದೆ. "ಇಷ್ಟು ವರ್ಷ ಕಾದದ್ದು ಸಾಕವ್ವಾ, ಇನ್ನ ನೀ ಇದ್ದತ್ ಕೂಡಬಹುದು" ಎಂದರು. ಮೊನ್ನೆ ಶುಕ್ರವಾರ ಮನೆಯಲ್ಲಿ ಕುರಾನ್ ಓದಿಸಿ, ತೀರಿಕೊಂಡವರಿಗೆ ಕೊಡುವ ಫಾತಿಹಾವನ್ನು ಅವರ ಹೆಸರಿಗೆ ಕೊಟ್ಟೆ. ಮಲ್ಲಿನಾಥ ಬಂದಿದ್ದ. ನನ್ನೆದುರಿಗೆ ಆ ಮಾತು ಆಡಿದವರೆಲ್ಲ ಬಂದಿದ್ದರು. ಉಂಡು, ತಟ್ಟೆ ತಾವೇ ತೊಳೆದಿಟ್ಟು ಹೋದರು. ನಿಡೋಣಿಯಿಂದ ನನ್ನ ತಂಗಿ ಬಂದು ನನ್ನ ಕೈಯ ಬಳೆ ತೆಗೆದಳು.

ಇವತ್ತಿನಿಂದ ನಾನು ಇದ್ದತ್ ಕೂತಿದ್ದೇನೆ. ಗಂಡ ತೀರಿಕೊಂಡ ಹೆಣ್ಣು ಹೊಸ್ತಿಲು ದಾಟದೆ ಕೂರುವ ದಿನಗಳು ಇವು. ಇನ್ನುಳಿದ ಹೆಂಗಸರು ಗಂಡನನ್ನು ಮಣ್ಣು ಮಾಡಿದ ದಿನವೇ ಕೂರುತ್ತಾರೆ. ನನ್ನ ಸರದಿ ಈಗ ಬಂತು. ನೀನು ಬಂದರೆ ಒಳಗೆ ಬಾ, ಕದ ತಟ್ಟಿ ನಿಲ್ಲಬೇಡ. ಹುಚ್ಚವ್ವನನ್ನೂ ಕರೆದುಕೊಂಡು ಬಾ.

ಹೊತ್ತು ಇಳಿಯುತ್ತಿದೆ. ನಿಡೋಣಿಯ ತಂಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಹಿತ್ತಲಿನಲ್ಲಿ ಯಾರೋ ನಡೆದಾಡಿದ ಸದ್ದು, ಬರೆಯಲು ಕೂತಾಗಿನಿಂದ ಕೇಳಿಸುತ್ತಿದೆ. ಅವಳಿಗೂ ಕೇಳಿಸಿರಬೇಕು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಈ ಸಲ ನಾನು ಎದ್ದು ಹೋಗಲಿಲ್ಲ.

ರಾಜಬಿ